ಹಿಮಹಾದಿಯವರೆಗೆ ಸ್ನೋಮೊಬೈಲ್ ಸಾಗಿಸುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕ ಮತ್ತು ಕೆನಡಾದ ಹಿಮಪ್ರದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಂದ ಬಂದ ಪತ್ರಗಳಲ್ಲಿ ಸ್ನೋಮೊಬೈಲ್ ಸಾಗಣೆಗೆ ಸಂಬಂಧಿಸಿದ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕರ್ನಾಟಕದಲ್ಲಿರುವ ಓದುಗರಿಗೆ ಮೊದಲು ಒಂದು ವಿವರಣೆ ಅಗತ್ಯ. ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ರಬ್ಬರ್ ಪಟ್ಟಿ ಇರುವ ಈ ಬಂಡಿಯನ್ನು ಮನೆಯಿಂದಲೇ ಡಾಂಬರು ರಸ್ತೆಯ ಮೇಲೆ ಓಡಿಸಿಕೊಂಡು ಹೋಗಲಾಗುವುದಿಲ್ಲ. ಪಟ್ಟಿಯ ಒಳಗಿರುವ ಪ್ಲಾಸ್ಟಿಕ್ ಜಾರುಪಟ್ಟಿಗಳು ಸವೆಯದೆ ಉಳಿಯಲು ಹಿಮದ ತೇವ ಬೇಕು; ನೀರಿನಿಂದ ತಂಪಾಗುವ ಎಂಜಿನ್‌ಗಳಿಗೂ ಪಟ್ಟಿ ಎರಚುವ ಹಿಮವೇ ತಂಪು ಕೊಡುತ್ತದೆ. ಆದ್ದರಿಂದ ಹಿಮಹಾದಿ ಆರಂಭವಾಗುವ ಸ್ಥಳದವರೆಗೆ ಅದನ್ನು ಹೊತ್ತೋ ಎಳೆದೋ ಒಯ್ಯಬೇಕು.

ಪ್ರಶ್ನೆ: ನಾವು ಮಿನ್ನೆಸೋಟಾ ರಾಜ್ಯದ ಮಿನಿಯಾಪೊಲಿಸ್ ನಿವಾಸಿಗಳು. ಈ ವರ್ಷ ನಾನೂ ನನ್ನ ಪತ್ನಿಯೂ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ ಎರಡನ್ನು ಕೊಂಡಿದ್ದೇವೆ. ನಮ್ಮಲ್ಲಿರುವುದು ಪೆಟ್ರೋಲ್ ಎಂಜಿನ್ನಿನ ಟೊಯೋಟಾ ಹೈಲ್ಯಾಂಡರ್. ಡುಲುತ್ ಕಡೆಗೂ, ಆಗಾಗ ಮಿಷಿಗನ್ನಿನ ಕೀವೀನಾ ಪರ್ಯಾಯದ್ವೀಪಕ್ಕೂ ಹೋಗುವ ಆಸೆಯಿದೆ. ದೊಡ್ಡ ಪಿಕಪ್ ಟ್ರಕ್ ಮತ್ತು ಪೂರ್ತಿ ಮುಚ್ಚಿದ ಟ್ರೇಲರ್ ಇಲ್ಲದೆ ಈ ಹವ್ಯಾಸಕ್ಕೆ ಇಳಿಯಲೇಬಾರದು ಎಂದು ಗೆಳೆಯರು ಹೇಳುತ್ತಿದ್ದಾರೆ. ಅಷ್ಟು ಖರ್ಚು ನಿಜಕ್ಕೂ ಅಗತ್ಯವೇ?

ಉತ್ತರ: ಅಗತ್ಯವಿಲ್ಲ. ಎರಡು ಬಂಡಿ ಹಿಡಿಯುವ, ಅಲ್ಯೂಮಿನಿಯಂ ಚೌಕಟ್ಟಿನ ತೆರೆದ ಟ್ರೇಲರ್ ನಿಮಗೆ ಸಾಕು. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಟ್ಟಿಗೆ ಅದೇ ಸರಿಯಾದ ಆಯ್ಕೆ. ಬಹಳ ಜನ ಮೊದಲು ಟ್ರೇಲರ್ ಮೆಚ್ಚಿಕೊಂಡು, ಆಮೇಲೆ ಅದನ್ನು ಎಳೆಯಬಲ್ಲ ವಾಹನ ಹುಡುಕಲು ಹೊರಟು, ಕೊನೆಗೆ ಸಾಲಕ್ಕೆ ಬೀಳುತ್ತಾರೆ. ಲೆಕ್ಕ ಶುರುವಾಗಬೇಕಾದದ್ದು ಈಗಾಗಲೇ ಮನೆಯ ಮುಂದೆ ನಿಂತಿರುವ ವಾಹನದಿಂದ, ಅದರಲ್ಲೂ ಚಾಲಕನ ಬಾಗಿಲಿನ ಚೌಕಟ್ಟಿಗೆ ಅಂಟಿಸಿರುವ ಸಣ್ಣ ಚೀಟಿಯಿಂದ. ಒಳಗೆ ಕೂರುವವರು ಮತ್ತು ಸಾಮಾನು ಸೇರಿ ಎಷ್ಟು ಭಾರವನ್ನು ಮೀರಬಾರದು ಎಂಬುದು ಅಲ್ಲಿ ನಮೂದಾಗಿರುತ್ತದೆ. ವಾಹನ ಎಳೆಯಬಲ್ಲ ಭಾರ ಬೇರೆ, ಹೊರಬಲ್ಲ ಭಾರ ಬೇರೆ. ಜಾಹೀರಾತುಗಳು ಮೊದಲನೆಯದನ್ನು ಎತ್ತಿ ಹೇಳುತ್ತವೆ. ಆದರೆ ಸಂಸಾರಸಮೇತ ಹೊರಟಾಗ ಮೊದಲು ಮುಗಿದುಹೋಗುವುದು ಹೆಚ್ಚಾಗಿ ಎರಡನೆಯದು.

ನಿಮ್ಮ ಲೆಕ್ಕವನ್ನೇ ನೋಡೋಣ. ಯಂತ್ರದಿಂದ ಹಿಮವನ್ನು ಸಮಮಾಡಿ ಹದಗೊಳಿಸಿದ ಹಾದಿಯಲ್ಲಿ ಓಡುವ ಸಾಮಾನ್ಯ ಸ್ನೋಮೊಬೈಲ್ ಇಂಧನವಿಲ್ಲದೆ ಸುಮಾರು 500 ಪೌಂಡ್ ತೂಗುತ್ತದೆ. ಹತ್ತು ಗ್ಯಾಲನ್ ಪೆಟ್ರೋಲಿಗೆ 60 ಪೌಂಡ್. ಎಣ್ಣೆ, ಕೂಲಂಟ್, ಹಿಂದೆ ಕಟ್ಟುವ ಚೀಲ ಮತ್ತು ದಿನದ ಕೊನೆಗೆ ಅಡಿಭಾಗದಲ್ಲಿ ಹೆಪ್ಪುಗಟ್ಟಿ ಕುಳಿತಿರುವ ಮಂಜುಗಡ್ಡೆಯನ್ನೂ ಸೇರಿಸಿದರೆ ಒಂದೊಂದಕ್ಕೆ 600ರಿಂದ 650 ಪೌಂಡ್ ಎಂದು ಎಣಿಸುವುದು ಕ್ಷೇಮ. ತೆರೆದ ಅಲ್ಯೂಮಿನಿಯಂ ಟ್ರೇಲರ್ ತಾನೇ 600ರಿಂದ 700 ಪೌಂಡ್ ಇರುತ್ತದೆ. ಅಲ್ಲಿಗೆ ಒಟ್ಟು ಭಾರ 2,000 ಪೌಂಡಿನ ಆಸುಪಾಸು. ಎಳೆಯುವ ಸಲಕರಣೆ ಇರುವ ಪೆಟ್ರೋಲ್ ಹೈಲ್ಯಾಂಡರ್‌ಗೆ ತಯಾರಕರು ಕೊಟ್ಟಿರುವ ಮಿತಿ 5,000 ಪೌಂಡ್, ಅದರ ಹೈಬ್ರಿಡ್ ಮಾದರಿಗೆ 3,500. ಎರಡರಲ್ಲಿ ಯಾವುದಿದ್ದರೂ ನಿಮಗೆ ಧಾರಾಳವಾಗಿ ಅವಕಾಶ ಉಳಿಯುತ್ತದೆ.

ಅದೇ ಬಂಡಿಗಳನ್ನು ಒಂದರ ಹಿಂದೊಂದು ನಿಲ್ಲಿಸುವ, ಇಪ್ಪತ್ತು ಅಡಿಗೂ ಉದ್ದದ ಮುಚ್ಚಿದ ಟ್ರೇಲರ್ ತೆಗೆದುಕೊಂಡರೆ, ಖಾಲಿ ಇದ್ದಾಗಲೇ ಅದು ಸುಮಾರು 2,000 ಪೌಂಡ್ ತೂಗುತ್ತದೆ; ಬಂಡಿ, ಹೆಲ್ಮೆಟ್, ಬೂಟು, ಪೆಟ್ರೋಲ್ ಕ್ಯಾನು ಎಲ್ಲ ಸೇರಿದಾಗ 3,500 ದಾಟುತ್ತದೆ. ಕಾಗದದ ಮೇಲೆ ಇದೂ ನಿಮ್ಮ ವಾಹನದ ಮಿತಿಯ ಒಳಗೇ ಇದೆ. ಆದರೆ ಏಳು ಅಡಿ ಅಗಲ, ಸುಮಾರು ಏಳು ಅಡಿ ಎತ್ತರದ ಆ ಗೋಡೆಯನ್ನು ಎದುರುಗಾಳಿಯಲ್ಲಿ ಎಳೆಯುವ ಶ್ರಮ ತೂಕದ ಅಂಕಿಯಲ್ಲಿ ಕಾಣುವುದಿಲ್ಲ. ಟ್ರೇಲರಿನ ಮುಂಭಾಗದ ವಿಸ್ತೀರ್ಣ ಇಷ್ಟನ್ನು ಮೀರಬಾರದು ಎಂದು ಅನೇಕ ತಯಾರಕರು ಕೈಪಿಡಿಯಲ್ಲಿ ಪ್ರತ್ಯೇಕವಾಗಿ ಬರೆದಿರುತ್ತಾರೆ. ಆ ಪುಟವನ್ನು ಓದುವವರು ಕಡಿಮೆ. ಇಂಧನದ ಖರ್ಚು ಏರುವುದು ಹಾಗಿರಲಿ, ಮಂಜುಗಟ್ಟಿದ ಹೆದ್ದಾರಿಯಲ್ಲಿ ಅಡ್ಡಗಾಳಿ ಬೀಸಿದಾಗ ಎಳೆಯುವ ವಾಹನ ಹಗುರವಾಗಿದ್ದಷ್ಟೂ ಅಪಾಯ ಹೆಚ್ಚು. ಗೆಳೆಯರು ಟ್ರಕ್ ಕೊಳ್ಳಿ ಎನ್ನುವುದಕ್ಕೆ ಕಾರಣ ಅವರು ಮನಸ್ಸಿನಲ್ಲಿಟ್ಟುಕೊಂಡಿರುವ ಟ್ರೇಲರೇ ಹೊರತು ನಿಮ್ಮ ಬಂಡಿಗಳಲ್ಲ.

ಭಾರ ಎಷ್ಟು ಎಂಬಷ್ಟೇ ಮುಖ್ಯವಾದದ್ದು ಭಾರ ಎಲ್ಲಿ ಕುಳಿತಿದೆ ಎಂಬುದು. ಎತ್ತಿನ ಗಾಡಿಗೆ ಹುಲ್ಲು ಹೇರುವವರು ಮುಂಭಾರ, ಹಿಂಭಾರ ನೋಡುವಂತೆಯೇ ಇಲ್ಲೂ ನೋಡಬೇಕು. ಹಿಂಭಾರವಾದರೆ ಟ್ರೇಲರಿನ ಮೂಕಿ ಮೇಲೆದ್ದು, ವೇಗದಲ್ಲಿ ಇಡೀ ಟ್ರೇಲರ್ ಎಡಬಲಕ್ಕೆ ಓಲಾಡತೊಡಗುತ್ತದೆ, ಮತ್ತು ಒಮ್ಮೆ ಶುರುವಾದ ಓಲಾಟವನ್ನು ಹಿಮದ ರಸ್ತೆಯಲ್ಲಿ ನಿಲ್ಲಿಸುವುದು ಬಲು ಕಷ್ಟ. ಮುಂಭಾರ ಅತಿಯಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ತಪ್ಪುತ್ತದೆ. ಒಟ್ಟು ಭಾರದ ನೂರಕ್ಕೆ 10ರಿಂದ 15 ಭಾಗ ಮೂಕಿಯ ಮೇಲಿರಬೇಕು. ನಿಮ್ಮ 2,000 ಪೌಂಡಿಗೆ 200ರಿಂದ 300. ಈ ಭಾರವನ್ನು ಹೊರುವುದು ನಿಮ್ಮ ಕಾರು, ಆದ್ದರಿಂದ ಬಾಗಿಲಿನ ಚೀಟಿಯ ಲೆಕ್ಕಕ್ಕೆ ಇದನ್ನೂ ಸೇರಿಸಬೇಕೆಂಬುದನ್ನು ಮರೆಯಬೇಡಿ.

ಕಾನೂನಿನ ದೃಷ್ಟಿಯಿಂದಲೂ ಹಗುರ ಟ್ರೇಲರ್ ಅನುಕೂಲಕರ. ಮಿನ್ನೆಸೋಟಾದಲ್ಲಿ ಒಟ್ಟು ಭಾರ 3,000 ಪೌಂಡ್ ಮುಟ್ಟಿದ ಟ್ರೇಲರಿಗೆ ಸ್ವಂತ ಬ್ರೇಕ್ ಇರಲೇಬೇಕು. ನಿಮ್ಮದು ಅದರ ಕೆಳಗೇ ಉಳಿಯುತ್ತದೆ. ಆದರೂ ಸುರಕ್ಷತಾ ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಹಾಯಿಸಿ ಕಟ್ಟಬೇಕು. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಅವುಗಳ ಮೇಲೆ ಕೂರುತ್ತದೆ. ಕಾರಿನ ಹಿಂಬದಿಯಲ್ಲಿರುವ, ಕೊಂಡಿ ಕೂರುವ ಲೋಹದ ಗುಂಡಿನ (ಬಾಲ್) ಅಳತೆ ಟ್ರೇಲರಿನ ಕೊಂಡಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ. ಎರಡು ಇಂಚಿನ ಕೊಂಡಿಗೆ 1⅞ ಇಂಚಿನ ಸಣ್ಣ ಬಾಲ್ ಸಿಕ್ಕಿಸಿದರೂ ಕುಳಿತಂತೆ ಕಾಣುತ್ತದೆ, ಹಳ್ಳಕ್ಕೆ ಇಳಿದಾಗ ಹಾರಿಬರುತ್ತದೆ.

ತೆರೆದ ಟ್ರೇಲರಿನ ನಿಜವಾದ ದೋಷ ಉಪ್ಪು. ಚಳಿಗಾಲದಲ್ಲಿ ಹೆದ್ದಾರಿಗೆ ಸುರಿಯುವ ಉಪ್ಪು ಕರಗಿ ಕೆಸರಾಗಿ, ನಿಮ್ಮದೇ ಕಾರಿನ ಹಿಂದಿನ ಚಕ್ರಗಳಿಂದ ಚಿಮ್ಮಿ ನೇರವಾಗಿ ಬಂಡಿಗಳ ಮೇಲೆ ಬೀಳುತ್ತದೆ. ಮಿನಿಯಾಪೊಲಿಸ್‌ನಿಂದ ಡುಲುತ್‌ವರೆಗಿನ ಸುಮಾರು 150 ಮೈಲಿ ಹಾದಿಯಲ್ಲಿ ಹೀಗೆ ನೆನೆದ ಬಂಡಿಯನ್ನು ತೊಳೆಯದೆ ಗ್ಯಾರೇಜಿನಲ್ಲಿ ನಿಲ್ಲಿಸಿದರೆ, ಅಲ್ಯೂಮಿನಿಯಂ ತಂಪುಕೊಳವೆಗಳು, ಸಸ್ಪೆನ್ಶನ್ನಿನ ಬೇರಿಂಗುಗಳು ಮತ್ತು ವಿದ್ಯುತ್ ಕನೆಕ್ಟರುಗಳು ಮೆಲ್ಲನೆ ತುಕ್ಕುಹಿಡಿದು ಹಾಳಾಗುತ್ತ ಹೋಗುತ್ತವೆ. ಇದಕ್ಕೆ ಮೂರು ಹಂತದ ಪರಿಹಾರವಿದೆ. ಕನಿಷ್ಠವೆಂದರೆ ಟ್ರೇಲರಿನ ಮುಂಭಾಗಕ್ಕೆ ಎತ್ತರದ ಉಪ್ಪುತಡೆ ಹಾಕಿಸಿ, ಬಂಡಿಗೆ ಬಿಗಿಯಾಗಿ ಕೂರುವ ಪ್ರಯಾಣದ ಹೊದಿಕೆ ತೊಡಿಸುವುದು. ಸಡಿಲ ಹೊದಿಕೆ ಗಾಳಿಗೆ ಬಡಿದು ವಿಂಡ್‌ಶೀಲ್ಡನ್ನು ಉಜ್ಜಿ ಮಬ್ಬು ಮಾಡುತ್ತದೆ, ಅದಕ್ಕಿಂತ ಹೊದಿಕೆ ಇಲ್ಲದಿರುವುದೇ ಮೇಲು. ಎರಡನೆಯದು, ಕೈಗೆ ಸ್ವಲ್ಪ ಹಣವಿದ್ದರೆ, ತೆರೆದ ಟ್ರೇಲರಿನ ಮೇಲೆಯೇ ಕೀಲಿನಿಂದ ಎತ್ತಿ ತೆರೆಯುವ ಗಡುಸು ಮುಚ್ಚಳ. ಇದು ಕೆಲವು ನೂರು ಪೌಂಡ್ ಭಾರ ಕೂಡಿಸಿದರೂ ತಗ್ಗಾಗಿರುವುದರಿಂದ ಗಾಳಿಯ ತೊಂದರೆ ಅಷ್ಟಿಲ್ಲ. ನಿಮಗೆ ನಾನು ಮನಸಾರೆ ಸೂಚಿಸುವುದು ಇದನ್ನೇ. ಮೂರನೆಯದು ಪೂರ್ತಿ ಮುಚ್ಚಿದ ಟ್ರೇಲರ್, ಅದು ಬೇಡವೆಂದು ಆಗಲೇ ಹೇಳಿದೆ. ಯಾವುದನ್ನೇ ಆರಿಸಿದರೂ ಮನೆಗೆ ಬಂದ ದಿನವೇ ಬಂಡಿಯನ್ನೂ ಟ್ರೇಲರಿನ ಅಡಿಭಾಗವನ್ನೂ ಸಿಹಿನೀರಿನಿಂದ, ಬೇರಿಂಗುಗಳ ಮೇಲೆ ಒತ್ತಡ ಬೀಳದಂತೆ ತೊಳೆಯಿರಿ.

ಹಳೆಯ ಟ್ರೇಲರ್ ನೋಡಲು ಹೋದಾಗ ಬಣ್ಣಕ್ಕಿಂತ ಮುಖ್ಯವಾಗಿ ಹಲಗೆ ಕೊಳೆತಿದೆಯೇ, ಚಕ್ರ ಎತ್ತಿ ತಿರುಗಿಸಿದಾಗ ಬೇರಿಂಗ್ ಕರಕರ ಎನ್ನುತ್ತದೆಯೇ ನೋಡಿ. ಟ್ರೇಲರ್ ಟೈರುಗಳು ಸವೆದು ಹಾಳಾಗುವುದು ಅಪರೂಪ. ವರ್ಷವಿಡೀ ನಿಂತಲ್ಲೇ ಒಣಗಿ ಬಿರುಕುಬಿಡುತ್ತವೆ. ಐದಾರು ವರ್ಷ ದಾಟಿದ ಟೈರನ್ನು, ಗೆರೆಗಳು ಎಷ್ಟೇ ಆಳವಾಗಿದ್ದರೂ, ಬದಲಾಯಿಸಿಬಿಡಿ. ಹೆಚ್ಚುವರಿ ಚಕ್ರ, ಅದರ ನಟ್ಟಿಗೆ ಹೊಂದುವ ಪಾನಾ ಮತ್ತು ಜಾಕ್ ಇಲ್ಲದೆ ಹೊರಡಬೇಡಿ, ಏಕೆಂದರೆ ಸಣ್ಣ ಚಕ್ರದ ಟೈರ್ ಸಿಡಿದರೆ ರಾತ್ರಿಯ ಹೊತ್ತು ಮೈನಸ್ ಇಪ್ಪತ್ತರ ಚಳಿಯಲ್ಲಿ ಅದೇ ಅಳತೆಯದು ಸಿಗುವ ಅಂಗಡಿ ಹತ್ತಿರವಿರುವುದಿಲ್ಲ. ಎಂಟೂವರೆ ಅಡಿ ಅಗಲದ ಟ್ರೇಲರ್ ನಿಮ್ಮ ಕಾರಿನ ಎರಡೂ ಬದಿಗೆ ತಲಾ ಒಂದು ಅಡಿಯಷ್ಟು ಹೊರಚಾಚಿರುತ್ತದೆ. ಹೆಚ್ಚುವರಿ ಕನ್ನಡಿ ಹಾಕಿಸುವುದು ಅನಿವಾರ್ಯ. ಎಲ್‌ಇಡಿ ದೀಪಗಳು ಬಿಸಿಯಾಗದ ಕಾರಣ ಅವುಗಳ ಮೇಲೆ ಬಿದ್ದ ಹಿಮ ಕರಗುವುದಿಲ್ಲ, ನಿಂತಾಗಲೆಲ್ಲ ಒರೆಸಬೇಕು.

ದೂರದ ವಿಚಾರ ಒಂದಿದೆ. ಮಿನ್ನೆಸೋಟಾದಲ್ಲಿ ಹದಗೊಳಿಸಿದ ಹಿಮಹಾದಿಗಳು 20,000 ಮೈಲಿಗೂ ಹೆಚ್ಚು ಇವೆ. ಡುಲುತ್‌ನಿಂದ ಗ್ರ್ಯಾಂಡ್ ಮರೇವರೆಗಿನ ನಾರ್ತ್ ಶೋರ್ ಹಾದಿಯೊಂದೇ 146 ಮೈಲಿ. ಹಾಗಿದ್ದೂ 2023–24ರ ಚಳಿಗಾಲದಲ್ಲಿ ರಾಜ್ಯದ ಬಹುಭಾಗದಲ್ಲಿ ಬಹಳ ಕಡಿಮೆ ಹಿಮ ಬಿತ್ತು. ಕೀವೀನಾದಲ್ಲಿ ಸುಪೀರಿಯರ್ ಸರೋವರದ ತೇವವನ್ನು ಹೀರಿದ ಗಾಳಿ ಗುಡ್ಡಕ್ಕೆ ತಾಗಿ ಹಿಮ ಸುರಿಸುವುದರಿಂದ ಅಲ್ಲಿ ಭರವಸೆ ಹೆಚ್ಚು. 1978–79ರಲ್ಲಿ ಅಲ್ಲಿ 390 ಇಂಚು ಬಿದ್ದದ್ದು ದಾಖಲೆಯಾಗಿದೆ. ಆದರೆ ನಿಮ್ಮಲ್ಲಿಂದ ಅದು ಆರು ಗಂಟೆಗೂ ಮೀರಿದ ಪ್ರಯಾಣ. ಮುಂದೆ ಪ್ರತಿ ವಾರಾಂತ್ಯವೂ ಅಷ್ಟು ದೂರ ಹೋಗುವಂತಾದರೆ ಮುಚ್ಚಿದ ಟ್ರೇಲರ್ ಮತ್ತು ಅದಕ್ಕೆ ತಕ್ಕ ಟ್ರಕ್ಕಿನ ಪ್ರಶ್ನೆಯನ್ನು ಮತ್ತೆ ಎತ್ತಿಕೊಳ್ಳಬಹುದು. ಈಗಲ್ಲ.

ಪ್ರಶ್ನೆ: ಸಿಯಾಟಲ್‌ನಲ್ಲಿರುವ ನಾವು ನಾಲ್ವರು ಗೆಳೆಯರು ವರ್ಷಕ್ಕೆ ಎರಡು ಮೂರು ಬಾರಿ ಮಾತ್ರ ಸ್ನೋಮೊಬೈಲ್ ಓಡಿಸಲು ಹೋಗುತ್ತೇವೆ. ಹಂಚಿಕೊಂಡು ಬಂಡಿ ಮತ್ತು ಟ್ರೇಲರ್ ಕೊಳ್ಳುವುದು ಒಳ್ಳೆಯದೇ?

ಉತ್ತರ: ಕೊಳ್ಳಬೇಡಿ. ಹಿಮಹಾದಿಯ ಬುಡದಲ್ಲೇ ಬಾಡಿಗೆಗೆ ಕೊಡುವವರಿಂದ ಪಡೆದರೆ ಸಾಗಣೆ, ವಿಮೆ, ಬೇಸಿಗೆಯಲ್ಲಿ ನಿಲ್ಲಿಸುವ ಜಾಗ, ಉಪ್ಪು ತೊಳೆಯುವ ಕೆಲಸ ಎಲ್ಲವೂ ತಪ್ಪುತ್ತವೆ. ನಾಲ್ವರ ಪಾಲುದಾರಿಕೆಯಲ್ಲಿ ರಿಪೇರಿ ಯಾರದು ಎಂಬ ಮನಸ್ತಾಪವೂ ಹುಟ್ಟುವುದಿಲ್ಲ. ನಿಮ್ಮ ಕಡೆ ಕ್ಯಾಸ್ಕೇಡ್ ಪರ್ವತಗಳ ಕಣಿವೆಗಳನ್ನು ದಾಟುವಾಗ ಎಳೆಯುವ ವಾಹನ ಮತ್ತು ಟ್ರೇಲರಿನ ನಿಗದಿತ ಒಟ್ಟು ಭಾರ 10,000 ಪೌಂಡ್ ಮೀರಿದರೆ ನವೆಂಬರ್ 1ರಿಂದ ಏಪ್ರಿಲ್ 1ರವರೆಗೆ ಸ್ನೋಕ್ವಾಲ್ಮಿಯಂಥ ಘಾಟಿಗಳಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಗಿರಲೇಬೇಕೆಂಬ ನಿಯಮವಿದೆ. ದೊಡ್ಡ ಟ್ರಕ್ಕಿಗೆ ದೊಡ್ಡ ಟ್ರೇಲರ್ ಸೇರಿದರೆ ಆ ಮಿತಿ ಸುಲಭವಾಗಿ ದಾಟಿಹೋಗುತ್ತದೆ. ಸ್ನೋ-ಪಾರ್ಕ್ ಎಂಬ ನಿಲ್ದಾಣಗಳಲ್ಲಿ ವಾರಾಂತ್ಯ ಬೆಳಗಿನ ಹೊತ್ತಿಗೇ ಜಾಗ ತುಂಬಿ, ಉದ್ದ ಟ್ರೇಲರನ್ನು ತಿರುಗಿಸಲು ಸ್ಥಳವಿರುವುದಿಲ್ಲ. ಕೆಲವು ವರ್ಷ ಬಾಡಿಗೆಯಲ್ಲೇ ಓಡಿಸಿ. ಅಷ್ಟರಲ್ಲಿ ನಿಮಗೆ ಹಾದಿಯ ಬಂಡಿ ಬೇಕೋ ಪರ್ವತದ ಬಂಡಿ ಬೇಕೋ ಎಂಬುದಾದರೂ ತಿಳಿದಿರುತ್ತದೆ.

ಪ್ರಶ್ನೆ: ಕ್ಯಾಲ್ಗರಿಯಲ್ಲಿ ವಾಸವಾಗಿದ್ದೇನೆ. ನನ್ನಲ್ಲಿ ಹಾಫ್-ಟನ್ ವರ್ಗದ, ಐದೂವರೆ ಅಡಿ ತೊಟ್ಟಿಯ ಪಿಕಪ್ ಇದೆ. ಬ್ರಿಟಿಷ್ ಕೊಲಂಬಿಯಾದ ಗೋಲ್ಡನ್, ರೆವೆಲ್‌ಸ್ಟೋಕ್ ಕಡೆ ಹೋಗುವವರು ತೊಟ್ಟಿಯ ಮೇಲೆ ಡೆಕ್ ಎಂಬ ಅಗಲವಾದ ಚಪ್ಪಟೆ ಅಟ್ಟ ಕೂರಿಸಿ ಎರಡು ಬಂಡಿ ಹೊತ್ತೊಯ್ಯುವುದನ್ನು ನೋಡಿದ್ದೇನೆ. ನಾನೂ ಹಾಗೆ ಮಾಡಬಹುದೇ?

ಉತ್ತರ: ಡೆಕ್ ಎಂಬುದು ಪರ್ವತಪ್ರದೇಶಕ್ಕೆ ಹೇಳಿ ಮಾಡಿಸಿದ ವ್ಯವಸ್ಥೆ, ಅದರಲ್ಲಿ ಸಂದೇಹವಿಲ್ಲ. ಕಿಕಿಂಗ್ ಹಾರ್ಸ್, ರೋಜರ್ಸ್ ಘಾಟಿಗಳನ್ನು ಹಿಂದೆ ಏನನ್ನೂ ಎಳೆಯದೆ ದಾಟಬಹುದು, ಹಿಮ ತುಂಬಿದ ಇಕ್ಕಟ್ಟಾದ ನಿಲ್ದಾಣದಲ್ಲಿ ಸಲೀಸಾಗಿ ತಿರುಗಿಸಬಹುದು. ಆದರೆ ನೀವು ನೋಡಿದ ಟ್ರಕ್ಕುಗಳಲ್ಲಿ ಬಹುಪಾಲು ಮುಕ್ಕಾಲು ಟನ್ ಅಥವಾ ಒಂದು ಟನ್ ವರ್ಗದವು, ಅಂದರೆ ನಿಮ್ಮದಕ್ಕಿಂತ ಹೆಚ್ಚು ಭಾರ ಹೊರಬಲ್ಲವು ಎಂಬುದನ್ನು ಗಮನಿಸಿ (ಇವು ವರ್ಗದ ಹೆಸರುಗಳಷ್ಟೇ, ಹೊರುವ ಭಾರದ ನಿಖರ ಅಳತೆಯಲ್ಲ).

ಪರ್ವತದ ಬಂಡಿ ಇಂಧನ ತುಂಬಿದಾಗ 240ರಿಂದ 260 ಕಿಲೊ ತೂಗುತ್ತದೆ. ಎರಡಕ್ಕೆ 500 ಕಿಲೊ. ಡೆಕ್ ತಾನೇ ಸುಮಾರು 180 ಕಿಲೊ. ನೀವೂ ನಿಮ್ಮ ಜೊತೆಗಾರರೂ ಚಳಿಗಾಲದ ಉಡುಪು, ಹಿಮಕುಸಿತದ ಸಲಕರಣೆಗಳ ಸಮೇತ ಹತ್ತಿದರೆ ಇನ್ನೊಂದು 200. ಒಟ್ಟು 880 ಕಿಲೊ. ಹಾಫ್-ಟನ್ ಪಿಕಪ್ಪುಗಳ ಬಾಗಿಲಿನ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು 600ರಿಂದ 850 ಕಿಲೊ. ಹೆಚ್ಚು ಸೌಲಭ್ಯಗಳ ದುಬಾರಿ ಮಾದರಿಯಾದಷ್ಟೂ ಆ ಅಂಕಿ ಕಡಿಮೆಯಾಗುತ್ತದೆ, ಏಕೆಂದರೆ ಚರ್ಮದ ಆಸನ, ಗಾಜಿನ ಚಾವಣಿ ಎಲ್ಲದರ ತೂಕವೂ ಅದರಿಂದಲೇ ಕಳೆಯುತ್ತದೆ. ಹಿಂದಿನ ಸ್ಪ್ರಿಂಗಿಗೆ ಗಾಳಿಚೀಲ ಕೂರಿಸಿದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳಬಹುದು. ಅದು ಕುಸಿದ ಹಿಂಭಾಗವನ್ನು ಎತ್ತಿ ನಿಲ್ಲಿಸುತ್ತದೆಯೇ ವಿನಾ ಅಚ್ಚು, ಬ್ರೇಕು, ಟೈರುಗಳ ಮಿತಿಯನ್ನು ಹೆಚ್ಚಿಸುವುದಿಲ್ಲ. ಮೇಲಾಗಿ ಇಷ್ಟೂ ಭಾರ ಎದೆಮಟ್ಟದ ಎತ್ತರದಲ್ಲಿ ಕೂರುವುದರಿಂದ ಘಾಟಿಯ ತಿರುವಿನಲ್ಲಿ ಟ್ರಕ್ ಹೊರಕ್ಕೆ ವಾಲುತ್ತದೆ.

ಡೆಕ್ ಬಿಟ್ಟು ತೊಟ್ಟಿಯಲ್ಲೇ ಒಂದು ಬಂಡಿ ನಿಲ್ಲಿಸೋಣವೆಂದರೆ, ಹನ್ನೊಂದು ಅಡಿ ಉದ್ದದ ಬಂಡಿಗೆ ನಿಮ್ಮ ತೊಟ್ಟಿಯೂ ತೆರೆದ ಹಿಂಬಾಗಿಲೂ ಸೇರಿ ಏಳೂವರೆ ಅಡಿ ಮಾತ್ರ. ಎಂಟು ಅಡಿಯ ತೊಟ್ಟಿ ಇರುವವರಿಗೆ ಅದು ಅಗ್ಗದ, ಒಳ್ಳೆಯ ದಾರಿ, ನಿಮಗಲ್ಲ. ಆದ್ದರಿಂದ ಎರಡು ಬಂಡಿಯ ಟ್ರೇಲರೇ ನಿಮಗೆ ಸೂಕ್ತ. ಸುಮಾರು 1,000 ಕಿಲೊ ಎಳೆಯುವುದು ಆ ಟ್ರಕ್ಕಿಗೆ ಲೆಕ್ಕಕ್ಕೇ ಇಲ್ಲ, ಹೊರುವುದು ಮಾತ್ರ ಅದಕ್ಕೆ ಆಗದು. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಬ್ರಿಟಿಷ್ ಕೊಲಂಬಿಯಾದ ಪರ್ವತ ಹೆದ್ದಾರಿಗಳಲ್ಲಿ ಚಳಿಗಾಲದ ಟೈರ್ ಕಡ್ಡಾಯ. ಪರ್ವತ ಮತ್ತು ಹಿಮಬಿಲ್ಲೆಯ ಗುರುತಿರುವುದನ್ನೇ ಹಾಕಿಸಿ. ರೋಜರ್ಸ್ ಘಾಟಿಯಲ್ಲಿ ಹಿಮಕುಸಿತ ನಿಯಂತ್ರಣಕ್ಕಾಗಿ ರಸ್ತೆಯನ್ನು ಆಗಾಗ ಮುಚ್ಚುವುದರಿಂದ ಟ್ರೇಲರ್ ಸಮೇತ ಗಂಟೆಗಟ್ಟಲೆ ಕಾಯುವ ಸಿದ್ಧತೆ, ಅಂದರೆ ತುಂಬಿದ ಟ್ಯಾಂಕು, ಕಂಬಳಿ, ಊಟ ಜೊತೆಗಿರಲಿ.

ಪ್ರಶ್ನೆ: ಡೆಟ್ರಾಯ್ಟ್ ಸುತ್ತಮುತ್ತಲಿನ ಮೂರು ಕುಟುಂಬಗಳು ಸೇರಿ, ಮಿಷಿಗನ್ನಿನ ಉತ್ತರ ಭಾಗವಾದ ಅಪ್ಪರ್ ಪೆನಿನ್ಸುಲಾಕ್ಕೆ ಹೋಗಿಬರಲು ನಾಲ್ಕು ಬಂಡಿ ಹಿಡಿಯುವ ಮುಚ್ಚಿದ ಟ್ರೇಲರ್ ಕೊಳ್ಳಬೇಕೆಂದಿದ್ದೇವೆ. ನಮ್ಮಲ್ಲೊಬ್ಬರ ಬಳಿ ಮುಕ್ಕಾಲು ಟನ್ ಟ್ರಕ್ ಇದೆ. ಒಳಗೆ ಹೀಟರ್ ಹಾಕಿಸಿ ಮಕ್ಕಳು ಬಟ್ಟೆ ಬದಲಾಯಿಸಲು, ಒದ್ದೆ ಸಾಮಾನು ಒಣಗಿಸಲು ಬಳಸಬಹುದೇ?

ಉತ್ತರ: ನಿಮ್ಮ ವಿಷಯದಲ್ಲಿ ಮುಚ್ಚಿದ ಟ್ರೇಲರ್ ಸರಿಯಾದ ಆಯ್ಕೆ. ಎಳೆಯುವ ವಾಹನ ತಕ್ಕದ್ದಿದೆ, ದೂರ ಹೆಚ್ಚಿದೆ, ಖರ್ಚು ಮೂರು ಮನೆಗೆ ಹಂಚಿಹೋಗುತ್ತದೆ. ಬಂಡಿಗಳು ಉಪ್ಪು ಸೋಕದೆ, ಬೀಗದೊಳಗೆ, ರಾತ್ರಿ ಹೋಟೆಲಿನ ಮುಂದೆ ನಿಶ್ಚಿಂತೆಯಾಗಿ ನಿಲ್ಲುತ್ತವೆ. ಹಿಂದಿನಿಂದ ಹತ್ತಿಸಿ ಮುಂದಿನಿಂದ ಇಳಿಸುವಂತೆ ಎರಡೂ ಕಡೆ ರ‍್ಯಾಂಪ್ ಬಾಗಿಲು ಇರುವುದನ್ನೇ ನೋಡಿ. ಅದಿಲ್ಲದಿದ್ದರೆ ಮುಂದಿನ ಬಂಡಿ ಇಳಿಸಲು ಹಿಂದಿನದೆಲ್ಲ ಹೊರಬರಬೇಕು.

ಹೀಟರ್ ಬಗ್ಗೆ ಮಾತ್ರ ಬಹಳ ಎಚ್ಚರಿಕೆಯಿಂದ ಹೇಳಬೇಕಾಗಿದೆ. ಪೆಟ್ರೋಲ್ ತುಂಬಿದ ನಾಲ್ಕು ಟ್ಯಾಂಕುಗಳಿರುವ ಮುಚ್ಚಿದ ಕೋಣೆಯಲ್ಲಿ ತೆರೆದ ಜ್ವಾಲೆಯ ಪ್ರೊಪೇನ್ ಹೀಟರ್ ಉರಿಸುವುದನ್ನು ನಾನು ಯಾವ ಸಂದರ್ಭದಲ್ಲೂ ಒಪ್ಪಲಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದರಿಂದ ಅದು ನೆಲಮಟ್ಟದಲ್ಲೇ ಶೇಖರವಾಗುತ್ತದೆ. ಉರಿಯುವ ಹೀಟರಿನಿಂದಲೂ, ಒಳಗೇ ಶುರುಮಾಡಿದ ಎಂಜಿನ್ನಿನಿಂದಲೂ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಕ್ಕಳು ಒಳಗಿರುವಾಗ ಅದರ ಅಪಾಯವನ್ನು ಎದುರುಹಾಕಿಕೊಳ್ಳುವುದು ಸಲ್ಲದು. ದಹನದ ಗಾಳಿಯನ್ನು ಹೊರಗಿನಿಂದಲೇ ಎಳೆದು ಹೊರಗೇ ಬಿಡುವ, ತಜ್ಞರು ಕೂರಿಸಿದ ಹೀಟರ್ ಸಾಮಾನು ಒಣಗಿಸಲು ಆಗಬಹುದು. ಬಟ್ಟೆ ಬದಲಾಯಿಸಲು ಟ್ರಕ್ಕಿನ ಒಳಗೇ ಸಾಕು. ಬಂಡಿಗಳ ಹಿಮ ಕರಗಿ ನೆಲದಲ್ಲಿ ನಿಲ್ಲುವ ನೀರಿಗೆ ದಾರಿ, ಮೇಲೆ ಕೆಳಗೆ ಗಾಳಿಕಿಂಡಿ ಇದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ನೋಡಿಕೊಳ್ಳಿ. ಊರಿಗೆ ಮರಳಿದ ಮೇಲೆ ಬಾಗಿಲು ತೆರೆದಿಟ್ಟು ಪೂರ್ತಿ ಒಣಗಿಸಿ.

ಅಪ್ಪರ್ ಪೆನಿನ್ಸುಲಾಕ್ಕೆ ಹೋಗುವ ನಿಮ್ಮ ದಾರಿಯಲ್ಲಿ 1957ರಲ್ಲಿ ತೆರೆದ, ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ ಇದೆ. ಗಾಳಿ ಜೋರಾದಾಗ ಎತ್ತರದ ವಾಹನಗಳನ್ನು, ಟ್ರೇಲರ್ ಎಳೆಯುವ ಟ್ರಕ್ಕುಗಳೂ ಸೇರಿದಂತೆ, ತಡೆದು ಬೆಂಗಾವಲಿನೊಂದಿಗೆ ನಿಧಾನವಾಗಿ ದಾಟಿಸುತ್ತಾರೆ. ಗಾಳಿ ಮತ್ತೂ ಏರಿದರೆ ಬಿಡುವುದೇ ಇಲ್ಲ. ಖಾಲಿ ಟ್ರೇಲರ್ ತುಂಬಿದ್ದಕ್ಕಿಂತ ಹೆಚ್ಚು ಗಾಳಿಗೆ ಸಿಕ್ಕುತ್ತದೆ. ಹೊರಡುವ ಮುನ್ನ ಸೇತುವೆಯ ಗಾಳಿಯ ಸ್ಥಿತಿಯನ್ನು ವಿಚಾರಿಸಿ, ಅಲ್ಲಿ ತಡೆದರೆ ವಾದಿಸದೆ ಕಾಯಿರಿ.

ಪ್ರಶ್ನೆ: ಒಂಟಾರಿಯೊದ ವಾಟರ್‌ಲೂನಲ್ಲಿದ್ದೇವೆ. ನನ್ನ ಯಜಮಾನರು ಕೆಲಸದ ಮೇಲೆ ಹೊರಗೆ ಹೋದಾಗ ನಾನೂ ಹದಿನೇಳು ವರ್ಷದ ಮಗನೂ ಬಂಡಿ ಹತ್ತಿಸಿ ಕಟ್ಟಬೇಕಾಗುತ್ತದೆ. ನಮ್ಮದು ಹಿಂದಕ್ಕೆ ವಾಲುವ ತೆರೆದ ಟ್ರೇಲರ್, ಬಂಡಿಗಳು ಕಾರ್ಬ್ಯುರೇಟರ್ ಇರುವ ಹಳೆಯವು. ಹತ್ತಿಸುವಾಗ ಭಯವಾಗುತ್ತದೆ. ಸುರಕ್ಷಿತ ಕ್ರಮವನ್ನು ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಭಯ ಸಹಜವಾದದ್ದು, ಅದನ್ನು ಕಡಿಮೆ ಮಾಡುವ ಉಪಾಯ ಅವಸರವಿಲ್ಲದ ಕ್ರಮ. ಸಮತಟ್ಟಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಟ್ರೇಲರಿನ ಚಕ್ರಗಳಿಗೆ ಅಡ್ಡ ಕೊಟ್ಟು, ಟ್ರೇಲರ್ ಕಾರಿಗೆ ಕೊಂಡಿ ಹಾಕಿರುವುದನ್ನು ಖಚಿತಪಡಿಸಿಕೊಳ್ಳಿ. ಕೊಂಡಿ ಇಲ್ಲದ ಟ್ರೇಲರಿಗೆ ಬಂಡಿ ಹತ್ತಿಸಲೇಬಾರದು. ಹಲಗೆಯ ಮೇಲಿನ ಮಂಜುಗಡ್ಡೆಯನ್ನು ಕೆರೆದು ತೆಗೆಯಿರಿ. ಸ್ಕೀಗಳ ಅಡಿಯ ಕಾರ್ಬೈಡ್ ಅಂಚು ಜಾರಲು ಪ್ಲಾಸ್ಟಿಕ್ ಪಟ್ಟಿಗಳನ್ನೂ, ರಬ್ಬರ್ ಪಟ್ಟಿ ಹಿಡಿತ ಪಡೆಯಲು ನಡುವೆ ಒರಟು ಚಾಪೆಯನ್ನೂ ಹಾಕಿಸಿದ್ದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ. ಬರಿಯ ಹಲಗೆಯ ಮೇಲೆ ಪಟ್ಟಿ ಜಾರುತ್ತದೆ, ಜಾರಿತೆಂದು ವೇಗ ಕೊಡುತ್ತೇವೆ, ಒಮ್ಮೆಲೇ ಹಿಡಿತ ಸಿಕ್ಕಿದಾಗ ಬಂಡಿ ಮುಂದಿನ ಕಂಬಿಯನ್ನೂ ದಾಟಿ ಚಿಮ್ಮುತ್ತದೆ. ಅಪಘಾತಗಳು ಆಗುವುದು ಹೀಗೆಯೇ.

ಹತ್ತಿಸುವವರು ಹೆಲ್ಮೆಟ್ ತೊಟ್ಟು, ಎಂಜಿನ್ ನಿಲ್ಲಿಸುವ ಸುರಕ್ಷತಾ ದಾರವನ್ನು ಜಾಕೆಟ್ಟಿಗೆ ಸಿಕ್ಕಿಸಿಕೊಂಡಿರಬೇಕು. ಇನ್ನೊಬ್ಬರು ಪಕ್ಕದಲ್ಲಿ, ದೂರದಲ್ಲಿ ನಿಲ್ಲಬೇಕು. ಬಂಡಿಯ ಎದುರಿಗಾಗಲಿ ಹಿಂದಾಗಲಿ ಯಾರೂ ಇರಕೂಡದು. ನಡಿಗೆಯ ವೇಗದಲ್ಲಿ ಒಂದೇ ಸಮನಾಗಿ ಹತ್ತಿಸಿ. ಬಂಡಿಯ ಭಾರ ಅಚ್ಚನ್ನು ದಾಟಿದ ಕೂಡಲೇ ಹಲಗೆ ತಾನೇ ಮುಂದಕ್ಕೆ ಇಳಿದು ಸಮವಾಗುತ್ತದೆ, ಆ ಕ್ಷಣದ ಕುಲುಕಿಗೆ ಬೆಚ್ಚಿ ವೇಗದ ಗುಂಡಿ ಒತ್ತದಿರಲು ಹೆಬ್ಬೆರಳನ್ನು ತೆಗೆದಿಟ್ಟುಕೊಳ್ಳಬೇಕು. ಎಂಜಿನ್ ನಿಲ್ಲಿಸಿದ ಮೇಲೆ ಮೊದಲ ಕೆಲಸ, ಹಲಗೆ ಮತ್ತೆ ವಾಲದಂತೆ ಮುಂದಿನ ಪಿನ್ ಹಾಕುವುದು. ಒಂದೇ ಬಂಡಿ ಒಯ್ಯುವುದಾದರೆ ಅದನ್ನು ಚಾಲಕನ ಬದಿಗೆ, ಅಂದರೆ ಎಡಕ್ಕೆ ನಿಲ್ಲಿಸಿ. ರಸ್ತೆ ಬಲಗಡೆಗೆ ಇಳಿಜಾರಾಗಿರುವುದರಿಂದ ಭಾರ ಆ ಕಡೆಯೇ ಬೀಳುವುದು ಇದರಿಂದ ತಪ್ಪುತ್ತದೆ.

ಮುಂದೆ ಎರಡೂ ಸ್ಕೀಗಳ ಮೇಲೆ ಅಡ್ಡಪಟ್ಟಿ ಕೂರಿಸಿ ಹಿಡಿಕೆ ತಿರುಗಿಸಿ ಬಿಗಿಯುವ ವ್ಯವಸ್ಥೆ ಇರುತ್ತದೆ. ಅದೊಂದನ್ನೇ ನಂಬಬೇಡಿ, ಹಿಂದಿನ ಬಂಪರಿನಿಂದ ಕೆಳಕ್ಕೆ ಒಂದು ರ‍್ಯಾಚೆಟ್ ಬೆಲ್ಟು ಇರಲೇಬೇಕು, ಇಲ್ಲದಿದ್ದರೆ ರಸ್ತೆಯ ಕುಲುಕಿಗೆ ಬಂಡಿಯ ಹಿಂಭಾಗ ಪಕ್ಕಕ್ಕೆ ಸರಿದು ಟ್ರೇಲರಿನಿಂದ ಹೊರಚಾಚುತ್ತದೆ. ಬೆಲ್ಟನ್ನು ಸಸ್ಪೆನ್ಶನ್ ಸ್ವಲ್ಪ ಅದುಮುವಷ್ಟು ಬಿಗಿಯಿರಿ, ತಳ ಮುಟ್ಟುವಷ್ಟಲ್ಲ. ಬಾಯಿ ಮುಚ್ಚುವ ಕೊಕ್ಕೆಗಳಿರುವ ಬೆಲ್ಟನ್ನೇ ಕೊಂಡರೆ ಕುಲುಕಿನಲ್ಲಿ ಕೊಕ್ಕೆ ಕಳಚುವುದಿಲ್ಲ. ಹೊರಟು ಹತ್ತು ಹದಿನೈದು ನಿಮಿಷದ ಬಳಿಕ ಒಮ್ಮೆ ನಿಲ್ಲಿಸಿ ಎಲ್ಲವನ್ನೂ ಮತ್ತೆ ಬಿಗಿಯಿರಿ. ಅದೇ ಹೊತ್ತಿನಲ್ಲಿ ಕೈಗವಸು ತೆಗೆದು ಚಕ್ರದ ಗುಂಬದ ಬಳಿ ಕೈ ತಂದರೆ ಬೇರಿಂಗ್ ಬಿಸಿಯಾಗಿದೆಯೇ ಎಂಬುದೂ ಗೊತ್ತಾಗುತ್ತದೆ.

ನಿಮ್ಮ ಬಂಡಿಗಳು ಕಾರ್ಬ್ಯುರೇಟರಿನವು ಎಂದು ಬರೆದಿರುವುದರಿಂದ ಇನ್ನೊಂದನ್ನು ಸೇರಿಸಬೇಕು. ಇಂಥ ಬಹುತೇಕ ಹಳೆಯ ಬಂಡಿಗಳಲ್ಲಿ ಪೆಟ್ರೋಲ್ ನಿಲ್ಲಿಸುವ ನಲ್ಲಿ ಇರುತ್ತದೆ. ಸಾಗಿಸುವಾಗ ಅದನ್ನು ಮುಚ್ಚಿರಬೇಕು. ಟ್ರೇಲರಿನ ಕುಲುಕಿಗೆ ಕಾರ್ಬ್ಯುರೇಟರಿನ ಒಳಗೆ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಅಲುಗಾಡಿ, ಪೆಟ್ರೋಲ್ ಜಿನುಗಿ ಎಂಜಿನ್ನಿನ ಒಳಗೆ ತುಂಬಿಕೊಂಡರೆ, ಹಿಮಹಾದಿಯ ಬಳಿ ಇಳಿಸಿದ ಬಂಡಿ ಎಷ್ಟು ಎಳೆದರೂ ಶುರುವಾಗುವುದಿಲ್ಲ. ನಲ್ಲಿ ಎಲ್ಲಿದೆ ಎಂದು ನಿಮ್ಮ ಮಗನಿಗೆ ತೋರಿಸಿಕೊಟ್ಟು, ಬೆಲ್ಟು ಬಿಗಿಯುವ ಮೊದಲು ಅದನ್ನು ಮುಚ್ಚುವುದನ್ನೂ, ಇಳಿಸಿದ ಮೇಲೆ ತೆರೆಯುವುದನ್ನೂ ಅವನ ಪಾಲಿನ ಕೆಲಸವೆಂದು ನಿಗದಿಮಾಡಿ.